ಲೋಟದ ನೀರಿನ ಕ್ಷೌರ

ಬೆಳಗ್ಗೆ ಆರೂಮುಕ್ಕಾಲು. ನಂದಿ ಬೆಟ್ಟದ ನೆತ್ತಿ ಇನ್ನೂ ಮೋಡದೊಳಗೇ ಇದೆ. ಚಿಕ್ಕಬಳ್ಳಾಪುರದ ನಮ್ಮ ಬೀದಿಗೆ ಹಾಲಿನವನು ಬರುವುದಕ್ಕೆ ಮೊದಲೇ ಎದುರು ಮನೆಯ ತಾತ ಜಗಲಿಗೆ ಬಂದು ಕೂತಾಯಿತು. ಕಿಟಕಿಯ ಸರಳಿಗೆ ಅಂಗೈಯಗಲದ ಕನ್ನಡಿ ಸಿಕ್ಕಿಸಿದ್ದಾರೆ. ಅದರ ಬಲಮೂಲೆಯಲ್ಲಿ ರಸ ಉದುರಿ ಕಪ್ಪು ಮಚ್ಚೆ ಬಿದ್ದಿದೆ. ಆ ಮಚ್ಚೆಯನ್ನು ತಪ್ಪಿಸಿ ಬಲಗೆನ್ನೆ ನೋಡಿಕೊಳ್ಳುವುದನ್ನು ಅವರ ಕುತ್ತಿಗೆ ಎಂದೋ ಕಲಿತುಬಿಟ್ಟಿದೆ. ತೊಡೆಯ ಪಕ್ಕ ಒಂದು ಸ್ಟೀಲ್ ಲೋಟದಲ್ಲಿ ನೀರು. ಹಳೇ ಡಬ್ಬಿಯ ಮುಚ್ಚಳದಲ್ಲಿ ಸವೆದ ಸೋಪಿನ ಬಿಲ್ಲೆ. ಕೂದಲೆಲ್ಲ ಒಂದೇ ಕಡೆಗೆ ವಾಲಿದ ಬ್ರಷ್ಷು. ನೆನ್ನೆಯ ಪೇಪರಿನ ಕಾಲು ಹಾಳೆ.

ಬ್ರಷ್ಷು ಒಮ್ಮೆ ನೀರಿಗಿಳಿದು ಸೋಪಿನ ಮೇಲೆ ಗಿರಗಿರ ತಿರುಗುತ್ತದೆ. ಮೊದಲು ನೀರುನೀರಾದ ನೊರೆ, ಆಮೇಲೆ ಮಜ್ಜಿಗೆ ಕಡೆದಾಗಿನ ನೊರೆ, ಕಡೆಗೆ ಬೆಣ್ಣೆ ಕೂಡುವ ಹೊತ್ತಿನ ಮಂದ. ಆ ಹದ ಬರುವ ತನಕ ತಾತ ಯಾರನ್ನೂ ಮಾತಾಡಿಸುವುದಿಲ್ಲ. ಮುಖದ ಅರ್ಧ ಬಿಳುಪಾದ ಮೇಲೆ ಷೇವಿಂಗ್ ಸೆಟ್ಟು ಕೈಗೆ ಬರುತ್ತದೆ. ಕಿವಿಯ ಬುಡದಿಂದ ದವಡೆಯ ತನಕ ಒಂದು ಇಳಿತ. ಖಾಲಿ ಬೀದಿಯಲ್ಲಿ ಕರಕರ ಸದ್ದು ನಮ್ಮ ಬಾಗಿಲಿಗೂ ಕೇಳುತ್ತದೆ. ನೊರೆಯನ್ನು ಪೇಪರಿಗೆ ಸವರಿ ಇನ್ನೊಂದು ಇಳಿತ, ಆಮೇಲೆ ಸೆಟ್ಟಿನ ತಲೆ ತಿರುಗಿಸಿ ಬ್ಲೇಡಿನ ಆಚೆಬಾಯಿಯಿಂದ ಮತ್ತೆರಡು. ಲೋಟಕ್ಕೆ ಅದ್ದುವುದು ನಾಲ್ಕೈದು ಸಲ, ಅಷ್ಟೇ.

ಕೆಲಸ ಮುಗಿದ ಮೇಲಿನ ಭಾಗವೇ ನನಗೆ ಇಷ್ಟ. ತಾತ ಹಿಡಿಯನ್ನು ತಿರುಚಿ ಬಿಚ್ಚುತ್ತಾರೆ. ಬಾಗಿದ ಮುಚ್ಚಳ, ಹಲ್ಲುಹಲ್ಲಿನ ತಟ್ಟೆ, ಹಿಡಿ, ಬ್ಲೇಡು, ನಾಲ್ಕೂ ಜಗಲಿಯ ಮೇಲೆ ಸಾಲಾಗಿ ಬೀಳುತ್ತವೆ. ಲೋಟದಲ್ಲಿ ಉಳಿದ ನೀರಲ್ಲೇ ನಾಲ್ಕನ್ನೂ ಅಲುಗಿಸಿ, ಪಂಚೆಯ ಅಂಚಿಗೆ ಒತ್ತಿ, ಆ ನೀರನ್ನು ಮೆಟ್ಟಿಲ ಪಕ್ಕದ ಕರಿಬೇವಿನ ಬುಡಕ್ಕೆ ಚೆಲ್ಲುತ್ತಾರೆ. ನನ್ನ ಲೆಕ್ಕದಲ್ಲಿ ಒಂದು ಮುಖಕ್ಕೆ ಒಂದು ಲೋಟ. ಹಬ್ಬವಾದರೆ ಒಂದೂವರೆ.

“ಯಾವ ಕಾಲದ್ದು ತಾತ ಇದು?” ಅಂತ ಒಂದು ದಿನ ಕೇಳಿದ್ದೆ.

“ನಮ್ಮಪ್ಪಂದು ಕಣಯ್ಯ. ಹಿಡಿ ಮುರಿದೋಯ್ತು, ಬೇರೆ ಹಾಕ್ದೆ. ಆಮೇಲೆ ಮುಚ್ಚಳ ಕಳೆದೋಯ್ತು, ಅದೂ ಬೇರೆ. ಮಿಕ್ಕಿದ್ದೆಲ್ಲ ನಮ್ಮಪ್ಪಂದೇ.”

ಮಿಕ್ಕಿದ್ದು ಅಂದರೆ ನಡುವಿನ ತಟ್ಟೆ. ಆದರೆ ತಾತ ಹೇಳಿದ್ದರಲ್ಲಿ ಸುಳ್ಳಿಲ್ಲ. ಮೂರು ತುಂಡಿನ ಈ ಸೆಟ್ಟುಗಳ ಮರೆ ಬಹುಮಟ್ಟಿಗೆ ಒಂದೇ ಅಳತೆಯದು. ಇಂಗ್ಲೆಂಡಿನ ಹಿತ್ತಾಳೆ ತಲೆಗೆ ಇಲ್ಲಿನ ಅಲ್ಯೂಮಿನಿಯಂ ಹಿಡಿ ಸಲೀಸಾಗಿ ಕೂರುತ್ತದೆ. ಬ್ಲೇಡೂ ಹಾಗೇ. ಸುಮಾರು 43 ಮಿಲಿಮೀಟರ್ ಉದ್ದ, 22 ಅಗಲ, ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ದಪ್ಪ. ಇವತ್ತು ಅಂಗಡಿಯಲ್ಲಿ ಕೊಂಡ ಬ್ಲೇಡು ನೂರು ವರ್ಷದ ಹಿಂದಿನ ಸೆಟ್ಟಿಗೆ ಹೊಂದುತ್ತದೆ. ಹತ್ತು ವರ್ಷದ ಹಿಂದಿನ ಮೊಬೈಲಿಗೆ ಚಾರ್ಜರ್ ಹುಡುಕಿ ಸೋತವರಿಗೆ ಇದರ ಬೆಲೆ ಗೊತ್ತಾದೀತು.

ತಾತನನ್ನು ನೋಡಿ ನೋಡಿಯೇ ನನಗೂ ಈ ಹುಚ್ಚು ಹತ್ತಿದ್ದು. ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಈಗ ಇಪ್ಪತ್ತಮೂರು ಸೆಟ್ಟುಗಳಿವೆ. “ಇರೋದು ಒಂದು ಗಡ್ಡ, ಅದೂ ಅಲ್ಲಲ್ಲಿ,” ಅನ್ನುವುದು ಮನೆಯವರ ಅಭಿಪ್ರಾಯ.

ಈ ಸಾಮಾನನ್ನು ಜಗತ್ತಿಗೆ ಕೊಟ್ಟ ಕಿಂಗ್ ಕ್ಯಾಂಪ್ ಜಿಲೆಟ್ ಬಾಟಲಿಗಳ ಬಿರಡೆ ಮಾರುತ್ತ ಊರೂರು ತಿರುಗುತ್ತಿದ್ದ ಅಮೆರಿಕದ ಆಸಾಮಿ. ಒಮ್ಮೆ ಬಳಸಿ ಬಿಸಾಡುವಂಥದ್ದೇನಾದರೂ ಕಂಡುಹಿಡಿ, ಗಿರಾಕಿ ಮತ್ತೆ ಮತ್ತೆ ಬರುತ್ತಾನೆ ಅಂತ ಬಿರಡೆ ಕಂಪನಿಯ ಧಣಿ ಕಿವಿಮಾತು ಹೇಳಿದನಂತೆ. 1895ರ ಒಂದು ಬೆಳಗ್ಗೆ, ಸಾಣೆ ಹಿಡಿಯದ ಕತ್ತಿಯನ್ನು ಕೈಲಿ ಹಿಡಿದು ಕನ್ನಡಿ ಮುಂದೆ ನಿಂತಾಗ ಉಪಾಯ ಹೊಳೆಯಿತು. ಕಾಗದದಷ್ಟು ತೆಳ್ಳಗಿನ ಉಕ್ಕಿಗೆ ಬಾಯಿ ಹಿಡಿಸುವುದು ಆಗದ ಮಾತು ಅಂತ ಬಲ್ಲವರೆಲ್ಲ ತಳ್ಳಿಹಾಕಿಬಿಟ್ಟರು. ಅದನ್ನು ಆಗುಮಾಡಿದ್ದು ಎಂಐಟಿಯಲ್ಲಿ ಓದಿದ್ದ ವಿಲಿಯಂ ನಿಕರ್ಸನ್ ಎಂಬ ಎಂಜಿನಿಯರ್. 1903ರಲ್ಲಿ ಮಾರಾಟವಾದದ್ದು 51 ಸೆಟ್ಟು, 168 ಬ್ಲೇಡು. ಮರುವರ್ಷ ಜಿಲೆಟ್‌ಗೆ ಪೇಟೆಂಟ್ ಸಿಕ್ಕಿತು, ಸೆಟ್ಟುಗಳ ಮಾರಾಟ ತೊಂಬತ್ತು ಸಾವಿರ ದಾಟಿತು. ಮೊದಲ ಮಹಾಯುದ್ಧದಲ್ಲಿ ಅಮೆರಿಕ ತನ್ನ ಸಿಪಾಯಿಗಳಿಗೆ ಸುಮಾರು 35 ಲಕ್ಷ ಸೆಟ್ಟು ಹಂಚಿತು. ತಮಾಷೆ ಅಂದರೆ, ಬ್ಲೇಡಿನ ಹೊದಿಕೆ ಕಾಗದದ ಮೇಲೆ ಅಚ್ಚಾಗಿ ದೇಶದೇಶ ಸುತ್ತಿದ ಜಿಲೆಟ್‌ನ ಮುಖಕ್ಕೆ ಪೊದೆಮೀಸೆ ಇತ್ತು!

ನಮ್ಮ ಕಡೆಯ ಹಳ್ಳಿಗಳಿಗೆ ಈ ಸೆಟ್ಟು ಬರುವ ಮುಂಚೆ ಗಂಡಸರ ಮುಖ ಅವರ ಕೈಯಲ್ಲಿರಲಿಲ್ಲ. ಹನ್ನೆರಡು ಆಯಗಾರರಲ್ಲಿ ಕ್ಷೌರದವರೂ ಒಬ್ಬರು. ವಾರಕ್ಕೋ ಹದಿನೈದು ದಿನಕ್ಕೋ ಹಡಪದ ಪೆಟ್ಟಿಗೆ ಹಿಡಿದು ಬರುತ್ತಿದ್ದರು. ಹುಣಸೆ ಮರದ ನೆರಳಲ್ಲಿ ಕುಕ್ಕರುಗಾಲಲ್ಲಿ ಕೂತರೆ, ಚರ್ಮದ ಪಟ್ಟಿಗೆ ಕತ್ತಿ ತೀಡುವ ಸಪ್ಪಳ. ಕೂಲಿ ಅಂತ ಅಂದಂದಿಗೆ ಏನೂ ಇಲ್ಲ. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಇಷ್ಟು ಮೊರ ರಾಗಿ ಅಂತ ಆಯ ಎತ್ತಿಕೊಳ್ಳಬೇಕು. ಮಗುವಿನ ಮೊದಲ ಮುಡಿಗೆ ಅವರೇ, ಮದುವೆಯಲ್ಲಿ ಗಂಡಿನ ಮುಖಕ್ಕೆ ಅವರೇ, ಚಪ್ಪರದ ಮುಂದೆ ವಾಲಗ ಊದುವವರೂ ಅವರೇ, ಸತ್ತಾಗ ಮಗನ ತಲೆ ಬೋಳಿಸುವವರೂ ಅವರೇ. ಇಷ್ಟೆಲ್ಲಕ್ಕೂ ಬೇಕಾದ ಆ ಕಸುಬಿನ ಹೆಸರನ್ನು ಊರು ಬೈಗುಳ ಮಾಡಿಕೊಂಡಿತು. ಆ ಪದವನ್ನು ಹಾಗೆ ಆಡಬೇಡಿ ಅಂತ ಸವಿತಾ ಸಮಾಜದವರು ಇವತ್ತಿಗೂ ಕೇಳಿಕೊಳ್ಳುತ್ತಲೇ ಇದ್ದಾರೆ.

ಆ ಹುಣಸೆ ಮರದ ನೆರಳು ಎಲ್ಲರ ಮುಖಕ್ಕೂ ಇರಲಿಲ್ಲ. ಊರ ಕತ್ತಿ ದಲಿತರ ಕೇರಿಗೆ ಹೋಗುವಂತಿರಲಿಲ್ಲ. ಹೋದರೆ ಊರವರು ಆಯ ನಿಲ್ಲಿಸುತ್ತಿದ್ದರು. ಗಾಂಧೀಜಿ 1927ರಲ್ಲಿ ಮತ್ತು 1936ರಲ್ಲಿ ನಂದಿ ಬೆಟ್ಟಕ್ಕೆ ಬಂದು ವಿಶ್ರಾಂತಿ ತಗೊಂಡಿದ್ದರು ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅವರ ಆತ್ಮಕಥೆಯಲ್ಲಿ ಇದಕ್ಕೆ ಕನ್ನಡಿ ಹಿಡಿಯುವ ಒಂದು ಪ್ರಸಂಗವಿದೆ. ದಕ್ಷಿಣ ಆಫ್ರಿಕದ ಪ್ರಿಟೋರಿಯಾದಲ್ಲಿ ಬಿಳಿಯ ಕ್ಷೌರಿಕನೊಬ್ಬ ಅವರ ತಲೆ ಮುಟ್ಟಲು ಒಪ್ಪಲಿಲ್ಲ. ಗಾಂಧೀಜಿ ಒಂದು ಮಷೀನು ಕೊಂಡು, ಕನ್ನಡಿ ಮುಂದೆ ನಿಂತು, ತಮ್ಮ ಕೂದಲನ್ನು ತಾವೇ ಕತ್ತರಿಸಿಕೊಂಡರು. ಹಿಂದಲೆಯೆಲ್ಲ ಎಡವಟ್ಟಾಗಿ, ಕೋರ್ಟಿನಲ್ಲಿ ಸ್ನೇಹಿತರು ಇಲಿ ತಿಂದವೇ ಅಂತ ನಕ್ಕರು. ಆದರೆ ಗಾಂಧೀಜಿ ಆ ಕ್ಷೌರಿಕನನ್ನು ದೂರಲಿಲ್ಲ. ಕಪ್ಪು ಜನರನ್ನು ಮುಟ್ಟಿದ್ದರೆ ಅವನ ಬಿಳಿ ಗಿರಾಕಿಗಳು ಕೈಬಿಡುತ್ತಿದ್ದರು, ನಮ್ಮ ಕ್ಷೌರಿಕರು ಅಸ್ಪೃಶ್ಯರನ್ನು ಮುಟ್ಟಲು ನಾವು ಬಿಡುತ್ತೇವೆಯೇ ಅಂತ ತಿರುಗಿ ನಮ್ಮನ್ನೇ ಕೇಳಿದರು. 2020ರಲ್ಲೂ ನಮ್ಮ ರಾಜ್ಯದ ಸಮಾಜ ಕಲ್ಯಾಣ ಇಲಾಖೆ ಇದೇ ಕಾರಣಕ್ಕೆ ಹಳ್ಳಿಗಳಲ್ಲಿ ಸರ್ಕಾರಿ ಕ್ಷೌರದಂಗಡಿ ತೆರೆಯುವ ಯೋಚನೆ ಮಾಡಬೇಕಾಯಿತು. ಅಷ್ಟು ಕಾಲ ಆ ನೆರಳಿನಿಂದ ದೂರ ನಿಂತವರ ಮನೆಗೆ ಮೊದಲ ಷೇವಿಂಗ್ ಸೆಟ್ಟು ಬಂದ ದಿನವನ್ನು ಯಾರೂ ಬರೆದಿಡಲಿಲ್ಲ. ಡಬ್ಬಿಯಲ್ಲಿರುವ ಅಗ್ಗದ ಅಲ್ಯೂಮಿನಿಯಂ ಸೆಟ್ಟುಗಳನ್ನು ಮುಟ್ಟಿದಾಗೆಲ್ಲ ನನಗೆ ಅದು ನೆನಪಾಗುತ್ತದೆ.

ನನ್ನ ಬೇಟೆಯ ಜಾಗ ಚಿಂತಾಮಣಿ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಮೂರೂ ಒಂದೇ ರೈಲು ಹಳಿಯ ಮೇಲಿವೆ. ನಾನು ಹೋಗುವುದು ಮಾತ್ರ ಬಸ್ಸಿನಲ್ಲಿ. ಅಲ್ಲಿ ಮನೆಮನೆಯ ಹಳೇ ಸಾಮಾನು ತಳ್ಳುಗಾಡಿಗೆ ಬಂದು, ತಳ್ಳುಗಾಡಿಯಿಂದ ಗುಜರಿಗೆ ಬಂದು, ಗುಜರಿಯಲ್ಲಿ ಕಬ್ಬಿಣ, ಹಿತ್ತಾಳೆ, ತಗಡು ಅಂತ ಜಾತಿವಾರು ಒಟ್ಟಾಗುತ್ತದೆ. ಒಳಗೆ ಕಾಲಿಟ್ಟರೆ ತುಕ್ಕು, ಎಣ್ಣೆ, ನೆನೆದ ರಟ್ಟಿನ ವಾಸನೆ. ಗೋಡೆಯ ಮೇಲೆ ಬಿಳಿ ಗಡ್ಡದ ಸಂತಕವಿ ಕೈವಾರ ತಾತಯ್ಯನವರ ಪಟ, ಅದಕ್ಕೆ ಒಣಗಿದ ಕನಕಾಂಬರ. ಮಾತು ಅರ್ಧ ಕನ್ನಡ, ಅರ್ಧ ತೆಲುಗು. ತಾತಯ್ಯನವರು ಎರಡರಲ್ಲೂ ಹಾಡಿದವರಲ್ಲವೆ!

ಹಿತ್ತಾಳೆಯ ಬುಟ್ಟಿಯಲ್ಲಿ ಕೈಯಾಡಿಸಬೇಕು. ನಲ್ಲಿ ತಿರುಪು, ಮುರಿದ ಗಂಟೆ, ಕಿವಿ ಹೋದ ಚೊಂಬು, ಸ್ಟವ್ವಿನ ಬರ್ನರ್. ಬೆರಳಿಗೆ ಗೀರುಗೀರಿನ ಸಣ್ಣ ಕೊಳವೆಯಂಥದ್ದು ತಗುಲಿದರೆ ಎದೆ ಸ್ವಲ್ಪ ಜೋರಾಗಿ ಬಡಿದುಕೊಳ್ಳುತ್ತದೆ. ಹೋದ ಮಳೆಗಾಲದಲ್ಲಿ ಹಾಗೆ ಸಿಕ್ಕಿದ್ದಕ್ಕೆ ಹಸಿರು ಕಿಲುಬು ಹಿಡಿದಿತ್ತು, ಸೋಪು ಕಲ್ಲಾಗಿ ಮರೆ ಕಚ್ಚಿಕೊಂಡಿತ್ತು.

“ಇದಿ ಎಂತ?” ಅಂದೆ, ಬರುವ ಅಷ್ಟಿಷ್ಟು ತೆಲುಗಲ್ಲಿ.

ಗುಜರಿಯವರು ಕನ್ನಡದಲ್ಲೇ ಉತ್ತರ ಕೊಟ್ಟರು: “ತೂಕಕ್ಕೆ ಹಾಕ್ತೀನಿ ಅಣ್ಣ. ಏನ್ ಮಾಡ್ತೀರಾ ಇದ್ನ?”

“ಗಡ್ಡ ಮಾಡ್ಕೊತೀನಿ.”

ಅವರು ನನ್ನ ಮುಖವನ್ನು ಒಮ್ಮೆ, ತಕ್ಕಡಿಯನ್ನು ಒಮ್ಮೆ ನೋಡಿ, “ತಗೊಂಡೋಗಿ, ಕಾಫಿಗೆ ಏನಾದ್ರೂ ಕೊಡಿ,” ಅಂದರು.

ಮನೆಗೆ ತಂದ ಮೇಲಿನ ಶುಶ್ರೂಷೆ ದೊಡ್ಡದು. ಮೊದಮೊದಲು ಹಿತ್ತಾಳೆ ಅಂದುಕೊಂಡು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ಒಂದನ್ನು ಕೆಡಿಸಿದೆ. ಈ ಸೆಟ್ಟುಗಳ ಒಡಲು ಹಿತ್ತಾಳೆ, ಮೇಲೆ ನಿಕ್ಕಲ್ಲಿನ ತೆಳು ಲೇಪ. ಬೂದಿ ಆ ಲೇಪವನ್ನೇ ತಿಂದುಬಿಡುತ್ತದೆ. ಉಗುರುಬೆಚ್ಚಗಿನ ಸೋಪಿನ ನೀರಲ್ಲಿ ರಾತ್ರಿಯಿಡೀ ನೆನೆಹಾಕಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿದರೆ ಸಾಕು. ಕಲ್ಲಾದ ಸೋಪು ಎದ್ದು ಬರುತ್ತದೆ. ಅದರ ಕೆಳಗೆ ಕೆಲವು ಸಲ ಯಾರದೋ ನರೆಗೂದಲ ಚೂರುಗಳೂ ಇರುತ್ತವೆ. ಆಮೇಲೆ ತಟ್ಟೆಯ ಅಡಿ ಓದಬೇಕು. ‘ಮೇಡ್ ಇನ್ ಇಂಗ್ಲೆಂಡ್’ ಅಂತ ಇದ್ದರೆ 1938ರಲ್ಲಿ ಶುರುವಾದ ಜಿಲೆಟ್‌ನ ‘ಟೆಕ್’ ಜಾತಿಯದ್ದಿರಬಹುದು. ಐವತ್ತರ ದಶಕದಿಂದೀಚಿನ ಅಮೆರಿಕದ ಜಿಲೆಟ್ ಆದರೆ ಒಂದು ಅಕ್ಷರ, ಒಂದು ಅಂಕೆ. ಅಕ್ಷರ ವರ್ಷಕ್ಕೆ, ಅಂಕೆ ಮೂರು ತಿಂಗಳ ಕಂತಿಗೆ. ನನ್ನ ಹತ್ತಿರ ಇರುವ ಒಂದರ ಮೇಲೆ ‘ಇ 2’ ಅಂತಿದೆ. 1959ರ ಏಪ್ರಿಲ್‌ನಿಂದ ಜೂನ್ ಒಳಗೆ ಹುಟ್ಟಿದ್ದು, ಅಂದರೆ ನನಗಿಂತ ಹಿರಿದು. ಬುಡ ತಿರುಚಿದರೆ ತಲೆಯ ಎರಡು ರೆಕ್ಕೆ ಚಿಟ್ಟೆಯಂತೆ ತೆರೆದುಕೊಳ್ಳುತ್ತವೆ. ನೋಡುವುದಕ್ಕೆ ಬಲು ಚೆಂದ, ತೊಳೆಯುವುದು ಕಷ್ಟ. ತಾತನ ಮೂರು ತುಂಡಿನದ್ದೇ ಮೇಲು ಅನ್ನುವುದು ನನ್ನ ತೀರ್ಮಾನ.

ಹಳೇ ಸೆಟ್ಟಿನಲ್ಲಿ ಗಡ್ಡ ಮಾಡಿಕೊಳ್ಳುವುದಕ್ಕೆ ಕೈಬಲ ಬೇಕಾಗಿಲ್ಲ. ಅದರ ತೂಕವೇ ಕೆಲಸ ಮಾಡುತ್ತದೆ. ತಲೆಯ ಅಂಚನ್ನು ಕೆನ್ನೆಗೆ ತಾಗಿಸಿ, ಬ್ಲೇಡಿಗೂ ಚರ್ಮಕ್ಕೂ ಮೂವತ್ತು ಡಿಗ್ರಿಯಷ್ಟು ಓರೆ ಸಿಗುವಂತೆ ಹಿಡಿ ಇಳಿಸಿ, ಕೂದಲು ಇಳಿದಿರುವ ದಿಕ್ಕಿಗೇ ಎಳೆಯಬೇಕು. ಒತ್ತಿದರೆ ರಕ್ತ. ಒತ್ತಿ ಕಲಿತವನು ನಾನು. ಆವತ್ತು ಗಲ್ಲಕ್ಕೆ ಪೇಪರಿನ ಚೂರು ಅಂಟಿಸಿಕೊಂಡೇ ನೆಂಟರ ಮದುವೆಗೆ ಹೋಗಿದ್ದೆ. ಪಟಿಕದ ಕಲ್ಲು ಇಟ್ಟುಕೊಳ್ಳುವ ಬುದ್ಧಿ ಬಂದದ್ದು ಆಮೇಲೆ.

ಶಿಡ್ಲಘಟ್ಟದಲ್ಲಿ ಸೆಟ್ಟಿಗಿಂತ ಬ್ಲೇಡಿನ ಕಥೆ ದೊಡ್ಡದು. ಊರಿಗೆ ಊರೇ ರೇಷ್ಮೆ. ಬೆಳಗ್ಗೆ ಗೂಡಿನ ಮಾರುಕಟ್ಟೆಯಲ್ಲಿ ಬಿಳಿ, ಹಳದಿ ಗೂಡಿನ ರಾಶಿಗಳ ನಡುವೆ ರೈತರು, ರೀಲರುಗಳು ಗಿಜಿಗಿಜಿ. ಓಣಿಗಳಲ್ಲಿ ಬೇಸಿನ್ನಿನ ಬಿಸಿನೀರಿನ ಹಬೆ, ಬೆಂದ ಹುಳುವಿನ ಗಾಢ ವಾಸನೆ. ಈ ಊರಲ್ಲಿ ಬ್ಲೇಡು ಗಡ್ಡಕ್ಕೆ ಮಾತ್ರ ಇರುವುದಲ್ಲ. ಬಿತ್ತನೆ ಕೋಠಿಯಲ್ಲಿ ಗೂಡಿನ ತುದಿಯನ್ನು ಬ್ಲೇಡಿನಿಂದ ಕೊಯ್ದು, ಒಳಗಿನ ಕೋಶ ಹೊರಗೆ ತೆಗೆದು, ಗಂಡೋ ಹೆಣ್ಣೋ ಬೇರೆ ಮಾಡುತ್ತಾರೆ. ಒಂದು ಕೂದಲೆಳೆ ಆಳ ಹೋದರೆ ಹುಳುವಿಗೆ ಗಾಯ, ಮೊಟ್ಟೆ ನಷ್ಟ. ಅಲ್ಲಿ ಕೂತು ಕೊಯ್ಯುವ ಹೆಣ್ಣುಮಕ್ಕಳ ಬೆರಳುಗಳನ್ನು ನೋಡಿದ ಮೇಲೆ ನನ್ನ ಗಡ್ಡದ ನಾಜೂಕಿನ ಬಗ್ಗೆ ಜಂಬ ಕೊಚ್ಚುವುದನ್ನು ಬಿಟ್ಟೆ.

ಕ್ಷೌರದಂಗಡಿಯ ಕಥೆಯೂ ಬ್ಲೇಡಿನಿಂದಲೇ ತಿರುಗಿತು. ಏಡ್ಸ್ ಭಯ ಹಬ್ಬಿದ ಮೇಲೆ ಎಲ್ಲರಿಗೂ ಒಂದೇ ಕತ್ತಿ ಅನ್ನುವುದು ಹೋಯಿತು. ಕಾಗದದ ಹೊದಿಕೆಯೊಳಗೇ ಬ್ಲೇಡನ್ನು ಚಟ್ ಅಂತ ಎರಡು ಮಾಡಿ, ಅರ್ಧವನ್ನು ಹಿಡಿಗೆ ಸಿಕ್ಕಿಸುವ ಪದ್ಧತಿ ಬಂತು. ಆ ‘ಚಟ್’ ಕೇಳಿಸಿದರೇ ಗಿರಾಕಿಗೆ ನೆಮ್ಮದಿ. ಮಂಗಳವಾರ ಅಂಗಡಿಗಳಿಗೆ ರಜೆ. ಆವತ್ತು ಗಡ್ಡ ಬೆಳೆದರೆ ಮನೆಯ ಸೆಟ್ಟೇ ಗತಿ. ತಿರುಪತಿಯ ಕಲ್ಯಾಣಕಟ್ಟೆಗೆ ನಮ್ಮ ಕಡೆಯಿಂದ ಮುಡಿ ಕೊಡಲು ಹೋಗುವವರ ಕೈಗೂ ಟೋಕನ್ ಜೊತೆ ಬರುವುದು ಬ್ಲೇಡೇ. ಸೆವೆನ್ ಓ ಕ್ಲಾಕ್, ಟೋಪಾಜ್, ಭಾರತ್, ಅಶೋಕ್, ವಿಲ್ಕಿನ್ಸನ್... ಪೆಟ್ಟಿಗೆ ಅಂಗಡಿಯ ರಟ್ಟಿನಲ್ಲಿ ತೂಗುತ್ತಿದ್ದ ಹೆಸರುಗಳು. ಅಪ್ಪನ ಗಡ್ಡಕ್ಕೆ ಮೊಂಡಾದದ್ದು ನಮ್ಮ ಪೆನ್ಸಿಲ್ಲಿಗೆ, ಅಲ್ಲಿಂದ ಅಮ್ಮನ ಹೊಲಿಗೆ ಬಿಚ್ಚುವುದಕ್ಕೆ. ವಿಲ್ಕಿನ್ಸನ್ ಕಂಪನಿಯ ತುಕ್ಕು ಹಿಡಿಯದ ಬ್ಲೇಡು 1962ರ ಹೊತ್ತಿಗೆ ಬರುವ ತನಕ ಬ್ಲೇಡೆಂದರೆ ಎರಡನೇ ದಿನಕ್ಕೇ ಕೆಂಪಾಗುವ ಉಕ್ಕು. ಆಗ ಜನ ಬ್ಲೇಡನ್ನು ಗಾಜಿನ ಲೋಟದ ಒಳಗೋಡೆಗೆ ಬೆರಳಲ್ಲಿ ಒತ್ತಿ ಆಚೀಚೆ ತೀಡಿ ಬಾಯಿ ಹಿಡಿಸಿಕೊಳ್ಳುತ್ತಿದ್ದರು. ಹೀಗೆ ಲೋಟ ಸಾಣೆಕಲ್ಲೂ ಆಗಿತ್ತು.

ಲೋಟದ ಮಾತು ಬಂತಲ್ಲ. ಜಿಲೆಟ್ ಕಂಪನಿ ಭಾರತಕ್ಕಾಗಿ ಹೊಸ ರೇಜರ್ ಮಾಡಲು ಹೊರಟು, ಅದನ್ನು ಮೊದಲು ಪರೀಕ್ಷಿಸಿದ್ದು ಅದೇ ಎಂಐಟಿಯಲ್ಲಿ ಓದುತ್ತಿದ್ದ ಭಾರತದ ಹುಡುಗರ ಗಡ್ಡದ ಮೇಲೆ. ಹುಡುಗರು ಭೇಷ್ ಅಂದರು. 2002ರಲ್ಲಿ ಇಲ್ಲಿಗೆ ತಂದರೆ ಜನ ಮುಖ ತಿರುಗಿಸಿದರು. ಅಮೆರಿಕದಲ್ಲಿದ್ದ ಹುಡುಗರಿಗೆ ಸುರಿಯುವ ನಲ್ಲಿ ಇತ್ತು. ಇಲ್ಲಿಯವರ ಮುಂದಿದ್ದದ್ದು ಒಂದು ಲೋಟ ನೀರು. ಸಾಲಾಗಿ ಒತ್ತಿಕೊಂಡ ಬ್ಲೇಡುಗಳ ಸಂದಿಯಲ್ಲಿ ಕೂದಲು ಸಿಕ್ಕಿಕೊಂಡರೆ ಲೋಟಕ್ಕೆ ಅದ್ದಿ ಅದ್ದಿ ತೆಗೆಯುವುದು ಆಗದ ಕೆಲಸ. ಆಮೇಲೆ ಕಂಪನಿಯವರು ಸಾವಿರಕ್ಕೂ ಮಿಕ್ಕಿದ ಜನರ ಜೊತೆ ಮೂರು ಸಾವಿರ ಗಂಟೆ ಕಳೆದು, ಗಡ್ಡ ಮಾಡಿಕೊಳ್ಳುವುದನ್ನು ನೋಡಿ, 2010ರಲ್ಲಿ 15 ರೂಪಾಯಿಯ ಒಂಟಿ ಬ್ಲೇಡಿನ ‘ಗಾರ್ಡ್’ ತಂದರು. ಓದಿ ನಗು ಬಂತು. ನಮ್ಮ ಬೀದಿಗೆ ಬಂದು ಒಂದು ಬೆಳಗ್ಗೆ ಎದುರು ಜಗಲಿ ನೋಡಿದ್ದರೆ ಆಗುತ್ತಿತ್ತು.

ಯಾಕೆಂದರೆ ನಮ್ಮದು ನದಿಗಳು ಹುಟ್ಟುವ, ಆದರೆ ಹರಿಯದ ಸೀಮೆ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ, ಚಿತ್ರಾವತಿ ಎಲ್ಲ ನಂದಿಯ ಬೆಟ್ಟಸಾಲಿನ ಮಕ್ಕಳು. ಒಂದರಲ್ಲೂ ವರ್ಷವಿಡೀ ನೀರಿಲ್ಲ. ಕೊಳವೆಬಾವಿ ಸಾವಿರ ಅಡಿ ದಾಟಿದರೂ ಕೆಲವು ಕಡೆ ಬರೀ ಧೂಳು. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೊಳವೆಯಲ್ಲಿ ತಂದು ಕೆರೆ ತುಂಬಿಸಿಕೊಳ್ಳುವ ಕಾಲ ಬಂದಿದೆ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥಕ್ಕೆ ಹೋದರೂ ಅದೇ ಚಿತ್ರ. ಸಾಲುಸಾಲು ನಾಗರಕಲ್ಲುಗಳ ಆಚೆ ಉತ್ತರ ಪಿನಾಕಿನಿಯ ಪಾತ್ರ, ಅಲ್ಲಿ ಮರಳು, ಜಾಲಿ. ಇಂಥ ಸೀಮೆಯಲ್ಲಿ ಬಿಚ್ಚಿ ತೊಳೆಯುವ ಸೆಟ್ಟು ಉಳಿದುಕೊಂಡಿದ್ದರೆ ಅದು ಹಳತಿನ ಮೋಹವಲ್ಲ. ಮೋಹವೇನಿದ್ದರೂ ನನ್ನಂಥವರದು. ತಾತನದು ನೀರಿನ ಲೆಕ್ಕ.

ಹಳೇ ಬ್ಲೇಡು ಏನು ಮಾಡುತ್ತೀರಿ ಅಂತಲೂ ತಾತನನ್ನು ಕೇಳಿದ್ದೆ. ಅವರು ಸೂರಿನ ಕಡೆ ಬೆರಳು ಮಾಡಿದರು. ಹೆಂಚಿನ ಸಂದಿಯಲ್ಲಿ ಕೆಂಪಗೆ ತುಕ್ಕು ಹಿಡಿದ ಬ್ಲೇಡುಗಳ ಒಂದು ಕಟ್ಟು, ಪಕ್ಕದಲ್ಲಿ ಇನ್ನೊಂದು. ಅಮೆರಿಕದ ಹಳೇ ಮನೆಗಳಲ್ಲೂ ಬಚ್ಚಲಿನ ಕನ್ನಡಿ ಪೆಟ್ಟಿಗೆಯ ಹಿಂದೆ ಒಂದು ಸೀಳು ಇರುತ್ತಿತ್ತಂತೆ. ಬ್ಲೇಡನ್ನು ಅದರೊಳಗೆ ತೂರಿಸಿದರೆ ಗೋಡೆಯ ಪೊಳ್ಳಿನಲ್ಲಿ ಬೀಳುತ್ತಿತ್ತು. ಈಗ ಆ ಮನೆಗಳನ್ನು ಕೆಡವಿದಾಗ ರಾಶಿರಾಶಿ ಬ್ಲೇಡು ಸುರಿಯುತ್ತವಂತೆ.

ನಮ್ಮ ಹೊಸ ಮನೆಗಳಿಗೆ ಸೂರೂ ಇಲ್ಲ, ಸೀಳೂ ಇಲ್ಲ. ಬ್ಲೇಡು ನೇರ ಕಸದ ಚೀಲಕ್ಕೆ ಹೋಗುತ್ತದೆ. ಆ ಚೀಲದೊಳಗೆ ಕೈ ಹಾಕಿ ಹಸಿ ಕಸ, ಒಣ ಕಸ ಬೇರೆ ಮಾಡುವ ಪೌರಕಾರ್ಮಿಕ ಹೆಂಗಸೊಬ್ಬರು ಒಂದು ದಿನ ನಮ್ಮ ಬಾಗಿಲಲ್ಲೇ ಹೆಬ್ಬೆರಳಿನ ಗಾಯ ತೋರಿಸಿದರು. ನಿಮ್ಮ ಮನೇದೇ ಇರಬೇಕು ಅಂತ ಅವರು ಅನ್ನಲಿಲ್ಲ. ಆದರೆ ಬೀದಿಯಲ್ಲಿ ಇಪ್ಪತ್ತಮೂರು ಸೆಟ್ಟು ಇರುವುದು ನಮ್ಮ ಮನೆಯಲ್ಲಿ ಮಾತ್ರ.

ಆವತ್ತಿನಿಂದ ಒಂದು ಖಾಲಿ ತಗಡಿನ ಡಬ್ಬಿಯ ಮುಚ್ಚಳಕ್ಕೆ ಉಳಿಯಿಂದ ಸೀಳು ಹೊಡೆದು, ಅಂಚಿಗೆ ಅಂಟುಪಟ್ಟಿ ಸುತ್ತಿ ಕನ್ನಡಿ ಕೆಳಗೆ ಇಟ್ಟಿದ್ದೇನೆ. ತುಂಬುವುದಕ್ಕೆ ವರ್ಷಗಳೇ ಬೇಕು. ನೀವೂ ಒಂದು ಮಾಡಿಡಿ. ತುಂಬಿದ ದಿನ ಕಸದ ಗಾಡಿಯವರ ಕೈಗೆ ಬೇರೆಯಾಗಿ ಕೊಟ್ಟು, ಒಳಗೆ ಬ್ಲೇಡಿದೆ ಅಂತ ಬಾಯಿಬಿಟ್ಟು ಹೇಳಿ.